ಕಣಗಿಲೆಯ ಹಸಿರು ಪತಂಗ

ಕಲ್ಲುಗುಡ್ಡಗಳ ನಮ್ಮ ಆದವಾನಿ ಸೀಮೆಯಲ್ಲಿ ದಟ್ಟವಾದ ಅಡವಿಯಿಲ್ಲ. ಆದರೂ ಅಡವಿಯ ಬಣ್ಣವನ್ನೇ ಹೊದ್ದ ಒಂದು ಪತಂಗವು ಮನೆಯಂಗಳಕ್ಕೂ ಗುಡಿಯ ಹೂದೋಟಕ್ಕೂ ಬರುವುದುಂಟು. ಹಸಿರು, ನಸುಗೆಂಪು, ಬಿಳಿ ಪಟ್ಟೆಗಳುಳ್ಳ ಇದರ ರೆಕ್ಕೆಗಳ ಹರವು ಸುಮಾರು 10 ಸೆಂಟಿಮೀಟರು. 1758ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತರು ಇದಕ್ಕೆ ಕಣಗಿಲೆಯ ಹೆಸರನ್ನೇ ಇಟ್ಟರು. ಇಂದಿನ ಶಾಸ್ತ್ರನಾಮ ಡ್ಯಾಫ್ನಿಸ್ ನೇರಿಯೈ.

ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ ಇವುಗಳ ಎಲೆಗಳೇ ಇದರ ಮರಿಹುಳುವಿನ ಆಹಾರ. ಮನುಷ್ಯರಿಗೂ ದನಕರುಗಳಿಗೂ ಪ್ರಾಣಾಂತಕವಾದ ಕಣಗಿಲೆಯ ವಿಷವು ಈ ಹುಳುವನ್ನು ಬಾಧಿಸದು. ಬೆದರಿದಾಗ ಇದು ತಲೆಯ ಹಿಂದಿರುವ ಎರಡು ನೀಲಿ ಕಣ್ಣುಚುಕ್ಕೆಗಳನ್ನು ತೋರಿ ಶತ್ರುವನ್ನು ಹೆದರಿಸುತ್ತದೆ. ಬಾಲದ ಕೊಂಬು ಕುಟುಕುವ ಅಂಗವಲ್ಲ. ಪೂರ್ಣ ಬೆಳೆದ ಹುಳು ಕಂದುಬಣ್ಣಕ್ಕೆ ತಿರುಗಿ, ಗಿಡದಿಂದಿಳಿದು, ತರಗೆಲೆಗಳ ನಡುವೆ ಕೋಶವಾಗುತ್ತದೆ. ಕೋಶದಿಂದ ಹೊರಬಂದ ಪತಂಗವು ಮುಸ್ಸಂಜೆಯಲ್ಲಿ ಗಾಳಿಯಲ್ಲಿ ನಿಂತಂತೆಯೇ ಮಕರಂದವನ್ನು ಹೀರುತ್ತ ಪರಾಗವನ್ನು ಹೂವಿನಿಂದ ಹೂವಿಗೆ ಒಯ್ಯುತ್ತದೆ.

ವಿದ್ಯಾರ್ಥಿಗಳಲ್ಲಿಯೂ ಪೋಷಕರಲ್ಲಿಯೂ ನಾವು ಬಿನ್ನವಿಸುವುದಿಷ್ಟೆ: ಹುಳುವನ್ನು ಕಂಡೊಡನೆ ಕೊಲ್ಲಬೇಡಿರಿ, ಅದು ತಿಂದ ಗಿಡ ಮತ್ತೆ ಚಿಗುರುವುದು. ಗಿಡದ ಬುಡದ ತರಗೆಲೆಗೆ ಬೆಂಕಿಯಿಡಬೇಡಿರಿ. ಕೋಶವು ಸುಟ್ಟುಹೋಗುವುದಲ್ಲದೆ ಕಣಗಿಲೆಯ ಹೊಗೆಯೂ ವಿಷವೇ. ಎಳೆಯ ಮಕ್ಕಳು ಕಣಗಿಲೆಯ ಎಲೆಯನ್ನಾಗಲಿ ಹೂವನ್ನಾಗಲಿ ಬಾಯಿಗಿಡದಂತೆ ನೋಡಿಕೊಳ್ಳಿರಿ. ಹುಳುವಿಗೆ ಅನ್ನವಾದುದು ನಮಗೆ ಅನ್ನವಲ್ಲ.