ಮರಳಿದವರ ಗುರುತು: ಆಫ್ರಿಕಾದ ವಲಸೆ ಕಥನಗಳಲ್ಲಿ ವರ್ಣ ಮತ್ತು ತಾಯ್ನಾಡು

ಮನೆ ಬಿಟ್ಟುಹೋದ ನಾಯಕ ಮರಳಿ ಬರುವುದು ಜನಪದ ಕಥೆಗಳ ಪ್ರಮುಖ ಆಶಯಗಳಲ್ಲೊಂದು. ರಷ್ಯಾದ ವಿದ್ವಾಂಸ ವ್ಲಾಡಿಮಿರ್ ಪ್ರಾಪ್ ಅವರು 1928ರಲ್ಲಿ ಕಿನ್ನರ ಕಥೆಗಳ ರಚನೆಯನ್ನು 31 ಕ್ರಿಯಾಘಟಕಗಳಲ್ಲಿ ವಿವರಿಸಿದರು. ನಾಯಕನು ಯಾರಿಗೂ ಗುರುತು ಸಿಗದಂತೆ ಬರುವುದು ಒಂದು ಘಟಕವಾದರೆ, ಅನಂತರ ಅವನ ಗುರುತು ಪತ್ತೆಯಾಗುವುದು ಇನ್ನೊಂದು. ಆಫ್ರಿಕಾದ ವಲಸೆಗಾರರನ್ನು ಕುರಿತ ಕಾದಂಬರಿಗಳಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಇಲ್ಲಿ ಮರಳಿದವರನ್ನು ಊರು ಕೂಡಲೇ ಗುರುತಿಸುತ್ತದೆ. ಆದರೆ ಅದು ಕಾಣುವುದು ವ್ಯಕ್ತಿಯನ್ನಲ್ಲ, ಅವರು ಹೋಗಿಬಂದ ದೇಶವನ್ನು.

ಇಂಥ ತಪ್ಪು ಗುರುತು ಮೊದಲು ಅಂಟುವುದು ಹೊರನಾಡಿನಲ್ಲಿ. ಘಾನಾದ ಅಮಾ ಅಟಾ ಐಡೂ ಅವರ 'ಅವರ್ ಸಿಸ್ಟರ್ ಕಿಲ್‌ಜಾಯ್' (1977) ಕೃತಿಯ ಸಿಸ್ಸಿಗೆ ತನ್ನ ಮೈಬಣ್ಣದ ಅರಿವಾಗುವುದು ಜರ್ಮನಿಯ ರೈಲು ನಿಲ್ದಾಣವೊಂದರಲ್ಲಿ ಅಪರಿಚಿತರ ಮಾತು ಕಿವಿಗೆ ಬಿದ್ದಾಗ. ನೈಜೀರಿಯಾದ ಚಿಮಮಾಂಡಾ ಎನ್‌ಗೋಜಿ ಅಡಿಚಿ ಅವರ 'ಅಮೆರಿಕಾನಾ' (2013) ಕಾದಂಬರಿಯ ಇಫೆಮೆಲು ಕೂಡ ಅಮೆರಿಕೆಗೆ ಹೋದ ಮೇಲೆಯೇ 'ಕಪ್ಪು' ಎನಿಸಿಕೊಳ್ಳುತ್ತಾಳೆ. 13 ವರ್ಷಗಳ ಬಳಿಕ ಲಾಗೋಸಿಗೆ ಮರಳಿದಾಗ ಅವಳಿಗೆ ಇನ್ನೊಂದು ಹೆಸರು ಕಾದಿರುತ್ತದೆ. ಅಮೆರಿಕೆಯ ರೀತಿನೀತಿಗಳನ್ನು ಮೈಗೂಡಿಸಿಕೊಂಡು ಬಂದವರನ್ನು ಛೇಡಿಸುವ ನೈಜೀರಿಯಾದ ಆಡುಮಾತೇ ಕಾದಂಬರಿಯ ಶೀರ್ಷಿಕೆಯಾಗಿದೆ.

ಘಾನಾದಲ್ಲಿ ವಿದೇಶಕ್ಕೆ ಹೋಗಿಬಂದವರನ್ನು 'ಬೀನ್-ಟು' ಎನ್ನುತ್ತಾರೆ. ಅಯಿ ಕ್ವೇ ಅರ್ಮಾ ಅವರ 'ಫ್ರಾಗ್ಮೆಂಟ್ಸ್' (1970) ಕಾದಂಬರಿಯ ಬಾಕೋ ಅಮೆರಿಕೆಯಿಂದ ಬರಿಗೈಯಲ್ಲಿ ಬರುತ್ತಾನೆ. ಕುಟುಂಬ ಕಾದದ್ದು ಅವನು ತರುವ ಸರಕಿಗಾಗಿ. ಈ ನಿರೀಕ್ಷೆಯ ಭಾರದಲ್ಲಿ ಕುಸಿದ ಅವನು ಮಾನಸಿಕ ಚಿಕಿತ್ಸಾಲಯ ಸೇರುತ್ತಾನೆ. ಕಾದಂಬರಿಯ ಮೊದಲಲ್ಲೂ ಕೊನೆಯಲ್ಲೂ ಕೇಳಿಬರುವುದು ಕಣ್ಣು ಕಾಣದ ಅಜ್ಜಿ ನಾನಾಳ ದನಿ. ಅವನು ಹೊರಟ ದಿನ ಪಿತೃಗಳಿಗೆ ಮದ್ಯದ ತರ್ಪಣವೆರೆಯುವಾಗ ಸೋದರಮಾವ ಮಾಡಿದ ಜಿಪುಣತನ ಅವಳನ್ನು ಕಳವಳಕ್ಕೀಡು ಮಾಡಿತ್ತು. ಹೋದವನನ್ನು ಕಾದು ಮರಳಿಸುವವರು ಪಿತೃಗಳೆಂಬುದು ಅವಳ ನಂಬಿಕೆ. ಆಚರಣೆಯೇನೋ ಉಳಿದಿದೆ, ಅದು ಬೇಡುತ್ತಿದ್ದುದು ಮಗನನ್ನು, ಮನೆಯವರು ಬೇಡುತ್ತಿರುವುದು ಸರಕನ್ನು.

ಆದ್ದರಿಂದ ವರ್ಣದ ಅನುಭವವನ್ನೂ ಮರಳುವಿಕೆಯನ್ನೂ ಬೇರೆಬೇರೆ ವಸ್ತುಗಳೆಂದು ಭಾವಿಸಲಾಗದು. ಎರಡೂ ಕಡೆ ವ್ಯಕ್ತಿಯ ಮೇಲೆ ಅನ್ಯರು ಹೆಸರನ್ನು ಹೇರುತ್ತಾರೆ. 'ಬೀನ್-ಟು', 'ಅಮೆರಿಕಾನಾ' ಎಂಬ ಮಾತುಗಳು ಜನರ ಬಾಯಲ್ಲೇ ಹುಟ್ಟಿದವು. ಹಾಗಾಗಿ ಈ ಕೃತಿಗಳು ಸಾಹಿತ್ಯ ವಿಮರ್ಶಕರಿಗೆ ಎಷ್ಟು ಮುಖ್ಯವೋ ಜಾನಪದ ಅಧ್ಯಯನಕಾರರಿಗೂ ಅಷ್ಟೇ ಮುಖ್ಯ. ಮರಳಿದವರನ್ನು ಅವರವರ ಹೆಸರಿನಿಂದಲೇ ಕರೆಯಬಲ್ಲ ಮನೆ ಉಳಿದಿದೆಯೇ ಎಂಬುದೇ ಇವು ಎತ್ತುವ ಪ್ರಶ್ನೆ.