ಜಿಲ್ಲೆಗೊಂದು ಬಣ್ಣ, ಗುಡ್ಡಕ್ಕೊಂದು ಮಳೆ

ಜುಲೈ ತಿಂಗಳ ರಾತ್ರಿಗಳಲ್ಲಿ ಕರಾವಳಿಯ ಮನೆಗಳಲ್ಲಿ ಊಟದ ಹೊತ್ತಿಗೆ ಏಳುವ ಪ್ರಶ್ನೆ ಒಂದೇ: ನಾಳೆ ರಜೆ ಉಂಟಾ? ಸ್ವಲ್ಪ ಹೊತ್ತಿಗೆ ಜಿಲ್ಲಾಧಿಕಾರಿಯ ಆದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ರೆಡ್ ಅಲರ್ಟ್ ಇರುವ ಕಾರಣ ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ರಜೆ. ಬೆಳಗಾದರೆ ಕೆಲವೊಮ್ಮೆ ಹಿತವಾದ ಬಿಸಿಲು. ಆ ದಿನ ಹವಾಮಾನ ಇಲಾಖೆಯನ್ನು ಆಡಿಕೊಳ್ಳದ ಅಂಗಡಿಕಟ್ಟೆ ಇರುವುದಿಲ್ಲ. ಹೀಗೆ ಎರಡು ಮೂರು ಸಲ ಆದರೆ, ನಿಜವಾಗಿಯೂ ಅಪಾಯ ಬರುವ ಹೊತ್ತಿಗೆ ಜನ ಎಚ್ಚರಿಕೆಗೆ ಕಿವಿಗೊಡುವುದನ್ನೇ ಬಿಟ್ಟಿರುತ್ತಾರೆ. ಈ ಉದಾಸೀನವೇ ನನ್ನನ್ನು ಹೆದರಿಸುವುದು. ಆ ಬಣ್ಣ ಏನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಮಳೆನಾಡಿನ ಪ್ರತಿ ಮನೆಗೂ ಗೊತ್ತಿರಬೇಕು.

ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.4ಕ್ಕೂ ಮೇಲೆ ಹೋದರೆ ಅತ್ಯಂತ ಭಾರೀ. ಒಂದು ಚದರ ಮೀಟರ್ ಜಾಗದ ಮೇಲೆ ಬಿದ್ದ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಹಾಗಾದರೆ 204 ಮಿ.ಮೀ. ಮಳೆಯಾದ ದಿನ ಒಂದು ಎಕರೆ ತೋಟದ ಮೇಲೆ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರು ಸುರಿದಿರುತ್ತದೆ. ಹಳದಿ ಬಣ್ಣ ಗಮನವಿಡಿ ಎನ್ನುತ್ತದೆ, ಕಿತ್ತಳೆ ಸಿದ್ಧರಾಗಿ ಎನ್ನುತ್ತದೆ, ಕೆಂಪು ಈಗಲೇ ಕ್ರಮ ಕೈಗೊಳ್ಳಿ ಎನ್ನುತ್ತದೆ. ಆದರೆ ಬಣ್ಣ ನಿರ್ಧಾರವಾಗುವುದು ಮಳೆಯ ಪ್ರಮಾಣ ಒಂದರಿಂದಲೇ ಅಲ್ಲ. ಆ ಮಳೆ ಬರುವ ಸಾಧ್ಯತೆ ಎಷ್ಟು, ಬಂದರೆ ಎಂಥ ಹಾನಿಯಾದೀತು ಎಂಬ ಎರಡನ್ನೂ ಕೂಡಿಸಿ ಅಳೆಯುತ್ತಾರೆ. ಸಾಧ್ಯತೆ ಎಂದ ಮೇಲೆ ಅದು ಕೆಲವು ಸಲ ತಪ್ಪಲೇಬೇಕು.

ಎಷ್ಟು ಸಲ ತಪ್ಪಬಹುದು? ಈ ಪ್ರಶ್ನೆಗೆ 1884ರಷ್ಟು ಹಳೆಯ, ಇಂದಿಗೂ ಹವಾಮಾನ ವಿಜ್ಞಾನಿಗಳು ನೆನೆಯುವ ಒಂದು ಪ್ರಸಂಗವಿದೆ. ಅಮೆರಿಕದ ಸೇನೆಯಲ್ಲಿದ್ದ ಜಾನ್ ಫಿನ್ಲಿ ಟೊರ್ನಾಡೊ ಸುಂಟರಗಾಳಿಗಳ ಬಗ್ಗೆ 2,803 ಮುನ್ಸೂಚನೆಗಳನ್ನು ಕೊಟ್ಟ. ಬರುತ್ತದೆ ಎಂದದ್ದೂ ಬರುವುದಿಲ್ಲ ಎಂದದ್ದೂ ಸೇರಿ ಶೇ 96.6ರಷ್ಟು ಸರಿಯಾದವು. ಆದರೆ ಅವನು ಕೈಕಟ್ಟಿ ಕುಳಿತು ಪ್ರತಿದಿನವೂ 'ಇಂದು ಸುಂಟರಗಾಳಿ ಇಲ್ಲ' ಎಂದಿದ್ದರೆ ಶೇ 98.2 ಸರಿಯಾಗುತ್ತಿತ್ತು! ಏಕೆಂದರೆ ಅಷ್ಟೂ ದಾಖಲೆಯಲ್ಲಿ ಸುಂಟರಗಾಳಿ ಬಂದದ್ದು 51 ಸಲ ಮಾತ್ರ. ಅದರಲ್ಲಿ 28ನ್ನು ಫಿನ್ಲಿ ಮೊದಲೇ ಹೇಳಿದ್ದ. 72 ಸಲ ಸುಳ್ಳು ಎಚ್ಚರಿಕೆ ಕೊಟ್ಟಿದ್ದ. ಅಂಕದಲ್ಲಿ ಗೆಲ್ಲುವ ಆ ಮೌನದಿಂದ ಒಂದು ಜೀವವೂ ಉಳಿಯುತ್ತಿರಲಿಲ್ಲ. ವಿರಳವಾದ, ಆದರೆ ಕೊಲ್ಲುವಂಥ ಘಟನೆಗೆ ಎಚ್ಚರಿಕೆ ಕೊಡುವವರು ಕೆಲವು ಸುಳ್ಳು ಎಚ್ಚರಿಕೆಗಳ ಹೊರೆ ಹೊರಲೇಬೇಕು. ಅದನ್ನು ಕಡಿಮೆ ಮಾಡಲು ಹೊರಟರೆ ಕೈತಪ್ಪುವ ನಿಜವಾದ ಅಪಾಯಗಳ ಸಂಖ್ಯೆ ಏರುತ್ತದೆ. ಬಿಸಿಲು ಬಿದ್ದ ರಜೆಯನ್ನು ನಾನು ಇಲಾಖೆಯ ಸೋಲೆಂದು ಎಣಿಸದಿರುವುದು ಈ ಕಾರಣಕ್ಕೆ.

ನನ್ನ ತಕರಾರು ಇರುವುದು ಬೇರೆ ಕಡೆ. ಬಣ್ಣ ಬಳಿಯುವುದು ಇಡೀ ಜಿಲ್ಲೆಗೆ. ಉತ್ತರ ಕನ್ನಡವನ್ನೇ ನೋಡಿ. ಹೊನ್ನಾವರ, ಭಟ್ಕಳಗಳಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟದಾಚೆಯ ಹಳಿಯಾಳ, ಮುಂಡಗೋಡದಲ್ಲಿ ಅದರ ಅರ್ಧವೂ ಇಲ್ಲ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಕೆಂಪು. ಮುಂಡಗೋಡದ ರೈತನಿಗೆ ಅದು ಅತಿಯಾಯಿತು ಅನ್ನಿಸಿದರೆ, ಅಂಕೋಲೆಯ ಗುಡ್ಡದ ಬುಡದಲ್ಲಿದ್ದವನಿಗೆ ಅದು ಸಾಲದಾಯಿತು. ಮುನ್ಸೂಚನೆಯ ಮಾದರಿಗಳು ಸೂಕ್ಷ್ಮವಾಗುತ್ತಿವೆ, ನಿಜ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಮುನ್ಸೂಚನಾ ವ್ಯವಸ್ಥೆ ನೆಲವನ್ನು 6 ಕಿ.ಮೀ. ಚೌಕಗಳಾಗಿ ನೋಡುತ್ತದೆ, ಹಿಂದಿನದು 12 ಕಿ.ಮೀ. ಆಗಿತ್ತು. ಆದರೂ ಘಟ್ಟದ ಒಂದು ಕೊಳ್ಳ ಆರು ಕಿ.ಮೀ.ಗಿಂತ ಕಿರಿದು.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿತು. ಹೆದ್ದಾರಿ ಅಗಲ ಮಾಡಲು ಕಡಿದಿದ್ದ ಇಳಿಜಾರು ಅದು. ರಸ್ತೆ ಬದಿಯ ಚಹಾದಂಗಡಿ, ಅಲ್ಲಿ ವಿಶ್ರಾಂತಿಗೆ ನಿಂತಿದ್ದ ಲಾರಿಗಳು ಮಣ್ಣಿನೊಂದಿಗೆ ಗಂಗಾವಳಿ ನದಿಗೆ ಹೋದವು. ಮಣ್ಣು ಬಿದ್ದ ರಭಸಕ್ಕೆ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ನಮ್ಮ ಕರಾವಳಿಯ ಗುಡ್ಡಗಳ ರಚನೆ ಬಲ್ಲವರಿಗೆ ಇದರ ಹಿಂದಿನ ಭೌತವಿಜ್ಞಾನ ಹೊಸದಲ್ಲ. ಬಹಳ ಕಡೆ ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಮಣ್ಣು ನೆಟ್ಟಗೆ ಕಡಿದರೂ ಗೋಡೆಯಂತೆ ನಿಲ್ಲುತ್ತದೆ. ನೀರು ತುಂಬಿಕೊಂಡರೆ ಕಣಗಳ ನಡುವಿನ ನೀರಿನ ಒತ್ತಡ ಏರಿ, ಕಣಗಳು ಒಂದನ್ನೊಂದು ಹಿಡಿದಿಡುವ ಬಲ ಕುಂದುತ್ತದೆ. ಮೇಲಿನ ಭಾರ ಕೆಳಗಿಳಿಯುತ್ತದೆ. ಇದಕ್ಕೆ ಒಂದು ದಿನದ ಮಳೆಗಿಂತಲೂ ಹಿಂದಿನ ಅನೇಕ ದಿನಗಳಿಂದ ಒಳಗಿಳಿದು ಕೂಡಿದ ನೀರು ಕಾರಣ. 24 ಗಂಟೆಯ ಲೆಕ್ಕದ ಬಣ್ಣ ಆ ಸಂಚಯವನ್ನು ನಮ್ಮ ಕಣ್ಣಿಗೆ ತೋರಿಸುವುದಿಲ್ಲ.

ಅದೇ ತಿಂಗಳ 30ರ ನಸುಕಿಗೆ ಮುನ್ನ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಸತ್ತವರಲ್ಲಿ ಕೆಲಸ ಹುಡುಕಿ ಅಲ್ಲಿಗೆ ಹೋಗಿದ್ದ ಮಂಡ್ಯ, ಚಾಮರಾಜನಗರದ ಕಡೆಯವರೂ ಇದ್ದರು. ಆ ರಾತ್ರಿ ಜಿಲ್ಲೆಗೆ ಇದ್ದ ಬಣ್ಣ ಕಿತ್ತಳೆ. ಕೆಂಪು ಬಂದದ್ದು ಬೆಟ್ಟ ಕುಸಿದ ಮೇಲೆ, ಬೆಳಿಗ್ಗೆ. ಆದರೆ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಣ್ಣ ಸಂಸ್ಥೆ ಜಿಲ್ಲೆಯುದ್ದಕ್ಕೂ ಹರಡಿದ ತನ್ನ ಮಳೆಮಾಪಕಗಳ ಲೆಕ್ಕ ನೋಡಿ, ಹಿಂದಿನ ದಿನವೇ ಆ ಪ್ರದೇಶದ ಅಪಾಯವನ್ನು ಜಿಲ್ಲಾಡಳಿತಕ್ಕೆ ತಿಳಿಸಿತ್ತು. ಹತ್ತಿರದ ಪುತ್ತುಮಲದ ಮಾಪಕದಲ್ಲಿ ಬಿದ್ದ ಮಳೆಯೇ ಅವರಿಗೆ ಸಾಕ್ಷಿ. ಉಪಗ್ರಹವಾಗಲೀ ಸೂಪರ್ ಕಂಪ್ಯೂಟರ್ ಆಗಲೀ ಅಲ್ಲ, ಆ ಊರಿನಲ್ಲಿ ಇಟ್ಟ ಒಂದು ಅಳತೆ ಪಾತ್ರೆ ಆ ಮಾತು ಹೇಳಿತು.

ನಮ್ಮಲ್ಲಿ ಇಂಥ ಅಳತೆಗೆ ಕೊರತೆಯಿಲ್ಲ. ಕೊಡಗಿನ ಕಾಫಿ ಬೆಳೆಗಾರರ ಮನೆಗಳಲ್ಲಿ ತಲೆಮಾರುಗಳ ಮಳೆ ಡೈರಿಗಳಿವೆ. 'ಇವತ್ತು ಎರಡಿಂಚು ನಲವತ್ತು ಸೆಂಟ್ಸ್' ಎಂಬ ಲೆಕ್ಕ ಅಲ್ಲಿ ಯೋಗಕ್ಷೇಮ ವಿಚಾರಿಸುವಷ್ಟು ಸಹಜ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕ ನೆಟ್ಟಿದೆ. ಅವು ಪ್ರತಿ 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಮಾಹಿತಿ ಯಲಹಂಕಕ್ಕೆ ಹೋಗುತ್ತದೆ. ಮಾಪಕದ ಪಕ್ಕದ ಮನೆಯವನಿಗೆ ತನ್ನ ಗುಡ್ಡದ ಮೇಲೆ ಈ ವಾರ ಒಟ್ಟು ಎಷ್ಟು ಸುರಿಯಿತೆಂದು ಗೊತ್ತಿರುವುದಿಲ್ಲ. ಹಾಲಿನ ಡೇರಿಯ ಎದುರು ಒಂದು ಕರಿಹಲಗೆ, ಅದರಲ್ಲಿ ನಿನ್ನೆಯ ಮಳೆ ಮತ್ತು ಕಳೆದ ಏಳು ದಿನಗಳ ಮೊತ್ತ: ಇಷ್ಟನ್ನು ಮಾಡಲು ಯಾವ ಹೊಸ ತಂತ್ರಜ್ಞಾನವೂ ಬೇಡ.

ಎಚ್ಚರಿಕೆ ತಲುಪಿಸುವ ಕಷ್ಟ ಕಡಲಲ್ಲಿ ಇನ್ನೂ ಹೆಚ್ಚು. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿ ಓಖಿ ಚಂಡಮಾರುತ ಬಹಳ ಬೇಗ ಬಲಗೊಂಡಾಗ, ದಿನಗಳ ಹಿಂದೆಯೇ ದಡ ಬಿಟ್ಟಿದ್ದ ತಮಿಳುನಾಡು, ಕೇರಳದ ಮೀನುಗಾರರಿಗೆ ಸುದ್ದಿ ಮುಟ್ಟಲೇ ಇಲ್ಲ. ಮೊಬೈಲ್ ಸಿಗ್ನಲ್ ಅಷ್ಟು ದೂರ ಹೋಗುವುದಿಲ್ಲ. ನಮ್ಮ ಮಲ್ಪೆಯ ಆಳಸಮುದ್ರದ ಬೋಟುಗಳೂ ಹತ್ತು ಹನ್ನೆರಡು ದಿನ ಹೊರಗಿರುತ್ತವೆ. ಓಖಿಯ ಬಳಿಕ ಉಪಗ್ರಹದ ಮೂಲಕ ಸಂದೇಶ ತಲುಪಿಸುವ ಉಪಕರಣಗಳು ಬಂದವು. ನೆಲದ ಮೇಲೆ ಸೆಲ್ ಬ್ರಾಡ್‌ಕಾಸ್ಟ್ ಬಂತು. 2023ರ ಅಕ್ಟೋಬರಿನಲ್ಲಿ ರಾಜ್ಯದ ಫೋನುಗಳೆಲ್ಲ ಒಮ್ಮೆಗೇ ಸೈರನ್‌ನಂತೆ ಕೂಗಿದ್ದು ಅದರ ಪರೀಕ್ಷೆಗೆ. ಎಸ್‌ಎಂಎಸ್ ಒಂದೊಂದು ನಂಬರಿಗೂ ಬೇರೆಬೇರೆಯಾಗಿ ಹೋಗಬೇಕು. ಇದು ಟವರಿನಿಂದ ಸುತ್ತಲಿನ ಎಲ್ಲ ಫೋನಿಗೂ ಏಕಕಾಲಕ್ಕೆ ಮುಟ್ಟುತ್ತದೆ. ಟವರಿಗೆ ಕರೆಂಟು ಇರುವವರೆಗೆ. ಮಲೆನಾಡಿನ ಮಳೆಗಾಲದಲ್ಲಿ ಮೊದಲು ಹೋಗುವುದೇ ಕರೆಂಟು. ಆದ್ದರಿಂದ ಆಟೋಗೆ ಕಟ್ಟಿದ ಮೈಕನ್ನೂ, ದೇವಸ್ಥಾನ ಮಸೀದಿಗಳ ಧ್ವನಿವರ್ಧಕವನ್ನೂ ಹಳತೆಂದು ಕೈಬಿಡುವಂತಿಲ್ಲ.

ಎಚ್ಚರಿಕೆ ಸರಿಯಾಗಿದ್ದು, ತಲುಪಿದ ಮೇಲೂ ಅದನ್ನು ಪಾಲಿಸಲು ಏನು ಖರ್ಚಾಗುತ್ತದೆ ಎಂಬ ಲೆಕ್ಕವನ್ನು ನಾವು ಇನ್ನೂ ಹಾಕಿಲ್ಲ. ಕಾಲುಸಂಕ ದಾಟಿ ಶಾಲೆಗೆ ಹೋಗುವ ಊರುಗಳಲ್ಲಿ ರಜೆ ಜೀವ ಉಳಿಸುತ್ತದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದದ್ದನ್ನು ಆ ಸೀಮೆಯವರು ಮರೆತಿಲ್ಲ. ಆದರೆ ರಜೆಯ ದಿನ ಬಿಸಿಯೂಟವಿಲ್ಲ. ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗಲೇಬೇಕು, ಅವಳಿಗೆ ರಜೆಯಿಲ್ಲ. ಮಗು ಒಬ್ಬಂಟಿಯಾಗಿ ಉಳಿಯುವ ಮನೆ ಬರೆಯ ಬುಡದಲ್ಲಿದ್ದರೆ ಶಾಲೆಯೇ ಹೆಚ್ಚು ಸುರಕ್ಷಿತ ಜಾಗ. ಅರ್ಧದಾರಿಯಿಂದ ಮರಳುವ ಬೋಟಿನ ಡೀಸೆಲ್, ಮಂಜುಗಡ್ಡೆಯ ಹಣ ನಷ್ಟವಾಗುತ್ತದೆ; ಮೀನಿನ ಪಾಲಿನಲ್ಲಿ ಬದುಕುವ ಕಲಾಸಿಗಳಿಗೆ ಆ ವಾರ ಏನೂ ಇಲ್ಲ. ಕಾಳಜಿ ಕೇಂದ್ರಕ್ಕೆ ಹೋದವರು ಸಂಜೆಯಾಗುತ್ತಲೇ ಅಪಾಯದ ಮನೆಗೆ ವಾಪಸು ನಡೆಯುವುದಕ್ಕೆ ಮುಖ್ಯ ಕಾರಣ ಮೊಂಡುತನವೇನಲ್ಲ, ಕೊಟ್ಟಿಗೆಯಲ್ಲಿ ಕರೆಯದೆ ಉಳಿದ ದನ.

1999ರ ಸೂಪರ್ ಸೈಕ್ಲೋನ್‌ನಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಕಳೆದುಕೊಂಡ ಒಡಿಶಾ, 2013ರ ಫೈಲಿನ್ ಚಂಡಮಾರುತದ ಹೊತ್ತಿಗೆ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರಿಸಿ ಸಾವನ್ನು ಹತ್ತಾರರ ಲೆಕ್ಕಕ್ಕೆ ಇಳಿಸಿತು. ಅಲ್ಲಿ ಮುನ್ಸೂಚನೆ ಸುಧಾರಿಸಿತ್ತು. ಜೊತೆಗೆ ಹೋಗಲು ಗಟ್ಟಿ ಆಶ್ರಯ ಕಟ್ಟಡವಿತ್ತು, ಕರೆದೊಯ್ಯಲು ಊರಿನದೇ ಸ್ವಯಂಸೇವಕರಿದ್ದರು, ಅಲ್ಲಿ ಅನ್ನ ಬೇಯುತ್ತಿತ್ತು. ನಮ್ಮ ಘಟ್ಟದ ಪಂಚಾಯಿತಿಗಳಲ್ಲೂ ಕೆಂಪು ಬಣ್ಣ ಬಂದ ದಿನ ಶಾಲೆಯ ಅಡುಗೆಮನೆ ತೆರೆದಿರಲಿ. ಕಾಳಜಿ ಕೇಂದ್ರದ ಪಕ್ಕ ದನಕ್ಕೊಂದು ಚಪ್ಪರ, ಒಂದಷ್ಟು ಹುಲ್ಲು ಇರಲಿ. ಎಚ್ಚರಿಕೆಗೆ ಓಗೊಟ್ಟು ದಡದಲ್ಲಿ ಉಳಿದ ಕಲಾಸಿಗೆ, ತೋಟದ ಕೆಲಸ ಬಿಟ್ಟು ಬಂದ ಆಳಿಗೆ ಆ ದಿನದ ಕೂಲಿ ಸಿಗಲಿ. ಸತ್ತ ಮೇಲೆ ಕೊಡುವ ಪರಿಹಾರಕ್ಕೆ ಬಜೆಟ್ಟಿನಲ್ಲಿ ಜಾಗವಿದೆ. ಮಾತು ಕೇಳಿ ಬದುಕಿದವರ ಕೂಲಿಗೂ ಅಲ್ಲೊಂದು ಸಾಲು ಬೇಕು.