ಎಮ್ಮೆಯ ಗಂಜಲದಿಂದ ಮೇವಿನ ಸತ್ತ್ವವನ್ನು ತಿಳಿಯುವ ಕ್ರಮ

ಲೋಂಡಾದ ಸುತ್ತಣ ಮಳೆಸೀಮೆಯಲ್ಲಿ ಬೇಸಗೆಯಲ್ಲಿ ಎಮ್ಮೆಗಳಿಗೆ ಮುಖ್ಯವಾಗಿ ದೊರೆಯುವ ಮೇವು ಬತ್ತದ ಹುಲ್ಲು. ಇದರಲ್ಲಿ ಸಸಾರಜನಕವು ನೂರಕ್ಕೆ ಸುಮಾರು 4 ಭಾಗ ಮಾತ್ರ; 7 ಭಾಗಕ್ಕಿಂತ ಕಡಿಮೆಯಾದರೆ ಹೊಟ್ಟೆಯೊಳಗಣ ಸೂಕ್ಷ್ಮಜೀವಿಗಳು ಚೆನ್ನಾಗಿ ವೃದ್ಧಿಯಾಗಲಾರವು. ಮೆಲುಕು ಹಾಕುವ ಪ್ರಾಣಿಗೆ ಸಸಾರಜನಕದ ಬಹುಭಾಗವು ಈ ಜೀವಿಗಳಿಂದಲೇ ಒದಗುವುದರಿಂದ, ಹೊಟ್ಟೆ ತುಂಬಿದ ಎಮ್ಮೆಯೂ ಬಡಕಲಾಗಿ ಅದರ ಹಾಲು ಕಡಿಮೆಯಾಗುವುದು.

ಆ ಜೀವಿಗಳು ಕರುಳಿನಲ್ಲಿ ಜೀರ್ಣವಾದ ಮೇಲೆ ಉಂಟಾಗುವ ಅಲಂಟಾಯಿನ್ ಎಂಬ ವಸ್ತುವು ಗಂಜಲದೊಡನೆ ಹೊರಬೀಳುತ್ತದೆ. ಇದನ್ನು ಅಳೆದರೆ ಒಳಗಣ ಬೆಳೆ ಎಷ್ಟೆಂಬುದು ತಿಳಿಯುವುದು. ದಿನವಿಡೀ ಗಂಜಲವನ್ನು ಸಂಗ್ರಹಿಸುವುದು ಉತ್ತಮ. ಆದರೆ ಕೊಟ್ಟಿಗೆಯಲ್ಲಿ ಅದು ಯಾರಿಂದಾದೀತು? ಆದುದರಿಂದ ಹಲವು ಹೊತ್ತುಗಳಲ್ಲಿ ಸ್ವಲ್ಪ ಸ್ವಲ್ಪ ಹಿಡಿದು, ಕೆಡದಂತೆ ಆಮ್ಲ ಬೆರೆಸಿ, ಪ್ರಯೋಗಶಾಲೆಯಲ್ಲಿ ಅಲಂಟಾಯಿನನ್ನು ಕ್ರಿಯಾಟಿನಿನ್ನಿನೊಡನೆ ಹೋಲಿಸುವರು. ಕ್ರಿಯಾಟಿನಿನ್ನು ಮಾಂಸಖಂಡಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಡುವ ವಸ್ತು.

ಒಂದೇ ಬಗೆಯ ಮೇವು ತಿಂದರೂ ಎಮ್ಮೆಯ ಗಂಜಲದಲ್ಲಿ ಅಲಂಟಾಯಿನ್ ಹಸುವಿನದಕ್ಕಿಂತ ಕಡಿಮೆ. ಹಿಮಾಲಯದ ಚಮರೀಮೃಗದಲ್ಲಿಯೂ ಹೀಗೆಯೇ. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ 1992ರಲ್ಲಿ ಕುರಿ ದನಗಳಿಗಾಗಿ ಪ್ರಕಟವಾದ ಲೆಕ್ಕವನ್ನು ಎಮ್ಮೆಗೆ ಅನ್ವಯಿಸಿದರೆ, ಒಳ್ಳೆಯ ಮೇವೂ ಸತ್ತ್ವಹೀನವೆಂದು ತೋರಿ ಹಿಂಡಿಯ ವೆಚ್ಚ ವ್ಯರ್ಥವಾದೀತು. ಶೇಂಗಾ ಹಿಂಡಿಯನ್ನು ಕೊಡುವುದಕ್ಕೆ ಮೊದಲೊಮ್ಮೆ, ಕೊಟ್ಟು ಮೂರು ವಾರಗಳಾದ ಬಳಿಕ ಇನ್ನೊಮ್ಮೆ, ಅದೇ ಎಮ್ಮೆಯ ಗಂಜಲವನ್ನು ಪರೀಕ್ಷೆ ಮಾಡಿಸಿ ಹೋಲಿಸತಕ್ಕದ್ದು.